ಕಾಫಿ ಪುಕ್ಕಟೆ, ಕಿಮ್ಚಿಗೆ ದುಡ್ಡು

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನಾವಿರುವ ಕಡೆ 7ನೇ ನಂಬರಿನ ರೈಲು ಸುರಂಗದಲ್ಲಿ ಹೋಗುವುದಿಲ್ಲ. ರೂಸ್‌ವೆಲ್ಟ್ ಅವೆನ್ಯೂವಿನ ನೆತ್ತಿಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ ಗಡಗಡ ಸದ್ದು ಮಾಡುತ್ತಾ ಓಡುತ್ತದೆ. ಆ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಆದರೆ ಮೇಜಿನ ಮೇಲಿನ ಲೋಟ ಅದುರದಷ್ಟು ದೂರದಲ್ಲಿ ಒಂದು ಡೈನರ್ ಇದೆ. ಎದುರುಬದುರು ಬೆಂಚಿನ ಆರು ಮೇಜು, ಅಡುಗೆಕಟ್ಟೆಯ ಮುಂದೆ ಎಂಟು ತಿರುಗುವ ಸ್ಟೂಲು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಎಂದೂ ಯಾರೂ ತಿನ್ನದ ಎತ್ತರದ ಕೇಕು. ಬೋರ್ಡಿನಲ್ಲಿ ಇನ್ನೂ ಹಳೆಯ ಗ್ರೀಕ್ ಮಾಲೀಕನ ಹೆಸರೇ ಇದೆ. ಈಗ ನಡೆಸುತ್ತಿರುವುದು ಒಂದು ಕೊರಿಯನ್ ಕುಟುಂಬ. ಕಿಟಕಿಗೆ ಅಂಟಿಸಿದ ಹಾಳೆಯಲ್ಲಿ ಕಿಮ್ಚಿ ಹಾಕಿದ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ಚಿನ ಚಿತ್ರ, ಬಿಸಿಲಿಗೆ ಅರ್ಧ ಬಿಳಿಚಿಕೊಂಡಿದೆ.

ಇಂಥ ಜಾಗಗಳಿಗೆ ಇಲ್ಲಿನ ಪತ್ರಿಕೆಗಳು ಕೊಡುವ ವಿಶೇಷಣ ಒಂದೇ: ಕೊರಿಯನ್ ಪ್ರಭಾವಿತ. ಈ ಮಾತು ಓದಿದಾಗಲೆಲ್ಲ ನನಗೆ ಎಂ.ಎ. ಪರೀಕ್ಷೆಯ ನೆನಪಾಗುತ್ತದೆ. ‘ಹೊಸಗನ್ನಡ ಕಾವ್ಯದ ಮೇಲೆ ಪಾಶ್ಚಾತ್ಯ ಪ್ರಭಾವವನ್ನು ವಿವರಿಸಿ’ ಎಂಬ ಪ್ರಶ್ನೆಗೆ ನಾವೆಲ್ಲ ಪುಟಗಟ್ಟಲೆ ಉತ್ತರ ಬರೆದವರೇ. ಪ್ರಭಾವ ಎಂದರೆ ಯಾವುದೋ ಒಂದು ದೊಡ್ಡದು ಸುಮ್ಮನೆ ಕುಳಿತ ಒಂದು ಚಿಕ್ಕದರ ಮೇಲೆ ಬೆಳಕು ಬೀರಿತು ಎಂದು ನಾವು ಅಂದುಕೊಂಡಿದ್ದೆವು. ಪ್ರಭಾವ ಆಗುವಾಗ ಯಾವುದು ದಾಟಿ ಬರುತ್ತದೆ, ಯಾವುದು ಗಡಿಯಲ್ಲೇ ನಿಂತುಬಿಡುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಐದು ವರ್ಷದಿಂದ ಶನಿವಾರ ಬೆಳಿಗ್ಗೆ ಈ ಡೈನರಿನಲ್ಲಿ ಕೂತು ತಿಂದ ಮೇಲೆ ಆ ಪ್ರಶ್ನೆಗೆ ಬೇರೆ ಉತ್ತರ ಬರೆಯಬೇಕೆನಿಸಿದೆ. ಇದು ಆ ಉತ್ತರ.

ಮೊದಲು ಡೈನರ್ ಎಂಬ ಪ್ರಕಾರದ ಬಗ್ಗೆ ಎರಡು ಮಾತು. ಪ್ರಕಾರ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಅದಕ್ಕೆ ಷಟ್ಪದಿಗಿರುವಂಥ ಕಟ್ಟುಪಾಡುಗಳಿವೆ. 1872ರಲ್ಲಿ ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ (ಕಾದಂಬರಿಕಾರನಲ್ಲ, ಬೇರೆಯವನು) ಕುದುರೆ ಗಾಡಿಯಲ್ಲಿ ಊಟ ಇಟ್ಟುಕೊಂಡು ರಾತ್ರಿ ಪಾಳಿಯವರಿಗೆ ಮಾರತೊಡಗಿದ್ದೇ ಇದರ ಮೂಲ ಎನ್ನುತ್ತಾರೆ. ಗಾಡಿ ಮುಂದೆ ನಿಂತಲ್ಲೇ ನಿಂತು ರೈಲು ಬೋಗಿಯ ಆಕಾರ ತಳೆಯಿತು. ಎಷ್ಟು ಹೊತ್ತಿಗೆ ಬಂದರೂ ಮೊಟ್ಟೆ ಸಿಗಬೇಕು. ಮೆನು ದಪ್ಪವಾಗಿರಬೇಕು. ಯಾರೂ ನಿಮ್ಮನ್ನು ಎಬ್ಬಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ಪು ಖಾಲಿಯಾದಂತೆ ಕಾಫಿ ತುಂಬುತ್ತಲೇ ಇರಬೇಕು, ಅದಕ್ಕೆ ಮತ್ತೆ ದುಡ್ಡು ಕೇಳಬಾರದು.

ಇಪ್ಪತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಡೈನರುಗಳಲ್ಲಿ ಬಹಳಷ್ಟನ್ನು ನಡೆಸಿದವರು ಗ್ರೀಸಿನಿಂದ ಬಂದವರು. ಈ ಊರಿನ ಗುರುತೇ ಆಗಿಹೋದ ನೀಲಿ ಬಿಳಿ ಕಾಗದದ ಕಾಫಿ ಕಪ್ಪು 1963ರಲ್ಲಿ ಹುಟ್ಟಿದ್ದು ಗ್ರೀಕ್ ಅಂಗಡಿಯವರಿಗೆ ಇಷ್ಟವಾಗಲಿ ಎಂದೇ. ಅದಕ್ಕೇ ಅದರ ಮೇಲೆ ಗ್ರೀಕ್ ಹೂಜಿಯ ಚಿತ್ರ. ಹೀಗಿದ್ದೂ ಡೈನರನ್ನು ಯಾರೂ ‘ಗ್ರೀಕ್ ಪ್ರಭಾವಿತ’ ಎನ್ನುವುದಿಲ್ಲ. ಪಾಲಕ್ ಸೊಪ್ಪಿನ ಪೈ, ಫೆಟಾ ಹಾಕಿದ ಆಮ್ಲೆಟ್ಟು ಈಗ ಬರೀ ಡೈನರ್ ತಿಂಡಿ. ಪ್ರಭಾವಿತ ಎಂಬ ಪದಕ್ಕೂ ಆಯುಷ್ಯವಿದೆ ಎಂದಾಯಿತು. ಅತಿಥಿ ಇನ್ನೂ ಅತಿಥಿಯಾಗಿರುವವರೆಗೆ ಮಾತ್ರ ಆ ಪದ ಬಳಕೆಯಲ್ಲಿರುತ್ತದೆ. ಮನೆಯವನಾದ ದಿನ ಅದು ಉದುರಿಹೋಗುತ್ತದೆ. 1965ರ ವಲಸೆ ಕಾನೂನಿನ ನಂತರ ದೊಡ್ಡ ಸಂಖ್ಯೆಯಲ್ಲಿ ಬಂದ ಕೊರಿಯನ್ನರು ಈ ನಗರದಲ್ಲಿ ತರಕಾರಿ ಅಂಗಡಿ, ಡ್ರೈಕ್ಲೀನಿಂಗ್ ಅಂಗಡಿ ನಡೆಸುತ್ತಾ ಒಂದು ತಲೆಮಾರನ್ನೇ ಕಳೆದರು. ಅವರ ಮಕ್ಕಳ ಅಡುಗೆ ಮಾತ್ರ ಇನ್ನೂ ಅತಿಥಿಯ ಕುರ್ಚಿಯಲ್ಲೇ ಕೂತಿದೆ.

ನಮ್ಮ ಡೈನರಿನ ಮೆನುವನ್ನು ಓದಿದರೆ ಇದೆಲ್ಲ ಪದರ ಪದರವಾಗಿ ಕಾಣುತ್ತದೆ. ಮೊದಲ ಪುಟ ಮೊಟ್ಟೆ, ಪ್ಯಾನ್‌ಕೇಕು, ಹುರಿದ ಆಲೂಗಡ್ಡೆ. ಎರಡನೆಯದು ಹಳೆಯ ಮಾಲೀಕ ಬಿಟ್ಟುಹೋದ ಗ್ರೀಕ್ ಪುಟ. ಅದನ್ನು ತೆಗೆದರೆ ಹಳೆಯ ಗಿರಾಕಿಗಳು ಜಗಳಕ್ಕೆ ಬರುತ್ತಾರಂತೆ. ಮೂರನೆಯದಕ್ಕೆ ‘ನಮ್ಮ ವಿಶೇಷ’ ಎಂಬ ತಲೆಬರಹ, ಅಲ್ಲಿ ಕೊರಿಯಾ. ಹಳೆಯ ಹಸ್ತಪ್ರತಿಯೊಂದರ ಮೇಲೆ ಬೇರೆ ಬೇರೆ ಕಾಲದ ಲಿಪಿಕಾರರು ತಮ್ಮ ತಮ್ಮ ಸಾಲು ಸೇರಿಸಿದ ಹಾಗೆ. ಇಂಥ ಪ್ರತಿಯನ್ನು ಸಂಪಾದಿಸುವವನ ಮೊದಲ ಕೆಲಸ, ಯಾವ ಸಾಲು ಕೂತಿದೆ, ಯಾವುದು ಕೂತಿಲ್ಲ ಎಂದು ನೋಡುವುದು.

ಕಿಮ್ಚಿ ಗ್ರಿಲ್ಡ್ ಚೀಸ್ ಕೂತಿದೆ. ಏಕೆ ಎಂದು ನೋಡೋಣ. ಡೈನರಿನಲ್ಲಿ ಯಾವ ಸ್ಯಾಂಡ್‌ವಿಚ್ಚು ತರಿಸಿದರೂ ತಟ್ಟೆಯ ಮೂಲೆಯಲ್ಲಿ ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆಕಾಯಿಯ ಒಂದು ಹೋಳು ಇರುತ್ತದೆ. ಬೆಣ್ಣೆ, ಚೀಸು, ಬ್ರೆಡ್ಡಿನ ಜಿಡ್ಡಿಗೆ ಹುಳಿಯೊಂದು ಅಡ್ಡ ಬರಬೇಕಲ್ಲ, ಅದಕ್ಕೆ. ಕಿಮ್ಚಿ ಇಲ್ಲಿ ಬಂದು ಮಾಡಿದ್ದು ಅದೇ ಸೌತೆಕಾಯಿಯ ಕೆಲಸ, ಆದರೆ ತಟ್ಟೆಯ ಮೂಲೆಯಿಂದ ಎದ್ದು ಬ್ರೆಡ್ಡಿನ ಒಳಗೇ ಹೋಗಿ ಕೂತು ಮಾಡಿತು. ಖಾರ, ಬೆಳ್ಳುಳ್ಳಿ, ಹುಳಿ ಮೂರೂ ಕರಗಿದ ಚೀಸಿನೊಳಗೆ ಸಿಕ್ಕಿಕೊಂಡು ಮೊದಲ ತುತ್ತಿಗೇ ಇದು ಹೊಸ ತಿಂಡಿ ಅಲ್ಲ, ಮೊದಲಿನಿಂದ ಹೀಗೇ ಇರಬೇಕಿತ್ತು ಅನ್ನಿಸುತ್ತದೆ. ಒಳ್ಳೆಯ ಪ್ರಭಾವದ ಲಕ್ಷಣವೇ ಅದು. ಆತಿಥೇಯ ರೂಪದಲ್ಲಿ ಒಂದು ಹುದ್ದೆ ಮೊದಲೇ ಇರಬೇಕು. ಬಂದವನು ಆ ಹುದ್ದೆಯನ್ನು ಹಿಂದಿನವನಿಗಿಂತ ಚೆನ್ನಾಗಿ ನಿಭಾಯಿಸಬೇಕು.

ಬಿ.ಎಂ.ಶ್ರೀ. ಸೋಫೋಕ್ಲಿಸನ ‘ಅಜಾಕ್ಸ್’ ನಾಟಕವನ್ನು ಕನ್ನಡಕ್ಕೆ ತರುವಾಗ ಹೀಗೇ ಒಂದು ಹುದ್ದೆ ಹುಡುಕಿದರು. ಅವಮಾನದಿಂದ ಬುದ್ಧಿ ಕೆಟ್ಟು, ತಾನು ಮಾಡಿದ ಕೊಲೆಯ ಭಾರಕ್ಕೆ ಕುಸಿಯುವ ಗ್ರೀಕ್ ವೀರನ ಜಾಗದಲ್ಲಿ ನಿಲ್ಲಬಲ್ಲವನು ಮಹಾಭಾರತದಲ್ಲಿ ಯಾರು ಎಂದು ಕೇಳಿಕೊಂಡು ‘ಅಶ್ವತ್ಥಾಮನ್’ ಬರೆದರು. ಚೌಕಟ್ಟು ಅಲ್ಲಿಯದು, ಒಳಗೆ ನಿಂತವನು ಇಲ್ಲಿಯವನು. ಕನ್ನಡದ ಓದುಗನಿಗೆ ಅದು ಹೊರಗಿನದೆನಿಸದೆ ಇದ್ದುದಕ್ಕೆ ಆ ಹುಡುಕಾಟವೇ ಕಾರಣ. ಸ್ಯಾಂಡ್‌ವಿಚ್ಚಿಗೆ ಇಷ್ಟು ದೊಡ್ಡ ಹೋಲಿಕೆಯೇ ಎಂದು ನಗಬೇಡಿ. ರೂಪಾಂತರದ ತರ್ಕ ಎರಡೂ ಕಡೆ ಒಂದೇ.

ಅದೇ ಪುಟದ ಕೆಳಗಿರುವ ಗೊಚುಜಾಂಗ್ ಸಿರಪ್ಪಿನ ಪ್ಯಾನ್‌ಕೇಕ್ ಕೂತಿಲ್ಲ. ಗೊಚುಜಾಂಗ್ ಎಂದರೆ ಮೆಣಸಿನಕಾಯಿ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಕಾಳಿನ ಹಿಟ್ಟು, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಮಾಗಿಸಿದ ಕೆಂಪು ಮುದ್ದೆ. ಅದನ್ನು ಮೇಪಲ್ ಸಿರಪ್ಪಿಗೆ ಕಲಸಿ ಪ್ಯಾನ್‌ಕೇಕಿನ ಮೇಲೆ ಸುರಿದಿದ್ದಾರೆ. ಪ್ಯಾನ್‌ಕೇಕು ಖಾರವನ್ನು ಕೇಳಿರಲಿಲ್ಲ. ಅಲ್ಲಿ ಖಾಲಿ ಹುದ್ದೆ ಇರಲಿಲ್ಲ. ಹೀಗಾಗಿ ಗೊಚುಜಾಂಗ್ ಅಲ್ಲಿ ಕೆಲಸಗಾರನಲ್ಲ, ವೇಷಗಾರ. ಫೋಟೋದಲ್ಲಿ ಕೆಂಪಗೆ ಚೆನ್ನಾಗಿ ಕಾಣುತ್ತದೆ, ಮೂರನೆಯ ತುತ್ತಿಗೆ ಬೇಸರವಾಗುತ್ತದೆ. ನಮ್ಮ ಕೆಲವು ಕವಿತೆಗಳಲ್ಲಿ ಲ್ಯಾಟಿನ್ ಅಮೆರಿಕದ ಹಕ್ಕಿಗಳು ಸುಮ್ಮನೆ ಹಾರಾಡುವ ಹಾಗೆ.

ಆದರೆ ಆ ತಟ್ಟೆಯ ಮುಂದೆ ಕೂತಾಗ ಒಂದು ವಿಚಾರ ಹೊಳೆಯಿತು. ಮೆಣಸಿನಕಾಯಿಯ ತವರು ಅಮೆರಿಕಾ ಖಂಡ. ಅಲ್ಲಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವೆಯ ಕಡೆಗೆ ಬಂದು ನಮ್ಮ ಸಾರಿಗೆ ಬಿತ್ತು. ಮೊದಲಿದ್ದ ಮೆಣಸಿನ ಹೆಸರಿಗೇ ಕಾಯಿ ಅಂಟಿಸಿಕೊಂಡು ಮೆಣಸಿನಕಾಯಿ ಆಯಿತು. ಅದೇ ವ್ಯಾಪಾರದ ದಾರಿಗಳಲ್ಲಿ ಪೂರ್ವಕ್ಕೆ ಸಾಗಿ ಕೊರಿಯಾ ಸೇರಿತು. ಅಲ್ಲಿಯವರೆಗೆ ಕಿಮ್ಚಿ ಇತ್ತು, ಆದರೆ ಕೆಂಪಗಿರಲಿಲ್ಲ. ಇವತ್ತು ಕೊರಿಯಾದ ಪ್ರಾಣವೆನಿಸುವ ಖಾರವೇ ಒಂದು ಕಾಲದ ಪ್ರಭಾವ. ಶತಮಾನಗಳ ಸುತ್ತು ಹಾಕಿ ಗೊಚುಜಾಂಗ್ ಎಂಬ ಹೊಸ ಹೆಸರಿನಲ್ಲಿ ಅದು ಅಮೆರಿಕಕ್ಕೆ ಮರಳಿದಾಗ, ತವರಿನವರೇ ಅದನ್ನು ವಿದೇಶಿ ಎಂದು ಬೆರಗಾಗಿ ನೋಡುತ್ತಿದ್ದಾರೆ. ಆದ್ದರಿಂದ ‘ಇದು ಅಸಲಿ ಕೊರಿಯನ್ ಅಲ್ಲ’ ಎಂಬ ತಕರಾರನ್ನು ನಾನು ಈ ಪ್ಯಾನ್‌ಕೇಕಿನ ಮೇಲೆ ಹೊರಿಸುವುದಿಲ್ಲ. ಬೆರಕೆಯಾಗಿದೆ ಎಂದಲ್ಲ, ಬೆರೆತಿಲ್ಲ ಎಂದು ನನ್ನ ದೂರು.

ಕಿಮ್ಚಿ ಫ್ರೈಡ್ ರೈಸ್ ಈ ಅಡುಗೆಮನೆಯ ಶ್ರೇಷ್ಠ ಕೃತಿ. ಇದಕ್ಕೆ ಹೊಸ ಕಿಮ್ಚಿ ಆಗದು. ಚೆನ್ನಾಗಿ ಹುಳಿ ಬಂದು, ಹಾಗೇ ತಿನ್ನಲು ಸ್ವಲ್ಪ ಕಷ್ಟವೇ ಎನ್ನುವಷ್ಟು ಹಳತಾದದ್ದು ಬೇಕು. ಅದನ್ನು ಹಿಂಡಿ, ಹೆಚ್ಚಿ, ಎಣ್ಣೆಯಲ್ಲಿ ಅಂಚು ಕಪ್ಪಾಗುವ ತನಕ ಬಾಡಿಸಿ, ಹಿಂದಿನ ದಿನದ ಅನ್ನ ಹಾಕುತ್ತಾರೆ. ನಮ್ಮ ಚಿತ್ರಾನ್ನದ ಹಾಗೆ ಇದೂ ತಂಗಳನ್ನದ ಉಪಾಯವೇ. ಮೇಲೆ ಒಂದು ಹುರಿದ ಮೊಟ್ಟೆ, ಹಳದಿ ಇನ್ನೂ ಹರಿಯುವಂತೆ. ಡೈನರಿನ ಅಡುಗೆಯವನಿಗೆ ನಿದ್ದೆಯಲ್ಲೂ ಬರುವ ವಿದ್ಯೆ ಅದು. ಕೊರಿಯಾದ ಮನೆಗಳಲ್ಲೂ ಈ ಅನ್ನದ ಮೇಲೆ ಮೊಟ್ಟೆ ಬೀಳುತ್ತದೆ. ಎರಡು ಭಾಷೆಗಳಲ್ಲೂ ಒಂದೇ ಅರ್ಥ ಕೊಡುವ ಪದ ಸಿಕ್ಕಿದಾಗ ಅನುವಾದಕನಿಗೆ ಆಗುವ ಖುಷಿ ಈ ಮೊಟ್ಟೆಯಲ್ಲಿದೆ.

ಇನ್ನು ಸ್ಪ್ಯಾಮ್, ಸಾಸೇಜು, ನೂಡಲ್ಸು, ಮೇಲೊಂದು ಚೀಸಿನ ಹಾಳೆ ಹಾಕಿದ ಕೆಂಪು ಸಾರು. ಕೊರಿಯನ್ನರು ಇದನ್ನು ಬುದೇ ಜ್ಜಿಗೆ ಎನ್ನುತ್ತಾರೆ, ಅಂದರೆ ಸೇನಾ ಶಿಬಿರದ ಸಾರು. (ಜ್ಜಿಗೆ ಎಂದರೆ ಗಟ್ಟಿ ಸಾರು, ನಮ್ಮ ಮಜ್ಜಿಗೆಗೂ ಅದಕ್ಕೂ ಸಂಬಂಧವಿಲ್ಲ.) 1950ರಿಂದ 1953ರವರೆಗೆ ನಡೆದ ಯುದ್ಧದ ನಂತರದ ಬರಗಾಲದಲ್ಲಿ, ಅಮೆರಿಕನ್ ಸೇನಾ ನೆಲೆಗಳಿಂದ ಹೊರಬಿದ್ದ ಡಬ್ಬಿ ಮಾಂಸವನ್ನು ಕಿಮ್ಚಿಯ ಜೊತೆ ಕುದಿಸಿ ಜನ ಹೊಟ್ಟೆ ತುಂಬಿಸಿಕೊಂಡರು. ಸೋಲ್ ನಗರದ ಉತ್ತರಕ್ಕಿರುವ ಉಯಿಜೊಂಗ್ಬು ಊರು ಇಂದಿಗೂ ಈ ಸಾರಿಗೆ ಹೆಸರುವಾಸಿ. ಹಸಿವಿನ ದಿನಗಳ ಅಡುಗೆ ನೋಡನೋಡುತ್ತಾ ಇಷ್ಟದ ಅಡುಗೆಯಾಯಿತು. ಸ್ಪ್ಯಾಮ್ ಡಬ್ಬಿಗಳು ಈಗ ಅಲ್ಲಿ ಹಬ್ಬದ ಉಡುಗೊರೆ. ನಮ್ಮ ಡೈನರಿನ ಮೆನುವಿನಲ್ಲಿ ಇದರ ವಿವರಣೆ ಒಂದೇ ಸಾಲು: ಮೋಜಿನ, ಬೆಚ್ಚಗಿನ, ಖಾರದ ನೂಡಲ್ಸ್. ರುಚಿಯಲ್ಲಿ ಒಂದು ಮಾತೂ ಆಡುವಂತಿಲ್ಲ. ಆದರೆ ಅಮೆರಿಕನ್ ಸೈನಿಕರ ಡಬ್ಬಿಯಿಂದ ಹುಟ್ಟಿದ ಸಾರು ಅಮೆರಿಕಕ್ಕೇ ಬಂದು ನಿಂತಾಗ, ತನ್ನ ಕತೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ. ಅತಿಥಿಗೆ ಮುಜುಗರವಾಗುವ ಕತೆಯನ್ನು ಊಟದ ಹೊತ್ತಿನಲ್ಲಿ ಹೇಳಬಾರದು ಎಂಬ ಮರ್ಯಾದೆ ಇರಬಹುದು. ಆದರೆ ಇಲ್ಲಿ ಅತಿಥಿ ಯಾರು?

ಇಲ್ಲಿಯವರೆಗೆ ತಿಂಡಿಗಳನ್ನು ಒಂದೊಂದಾಗಿ ನೋಡಿದೆ. ಪದ ಪದ ನೋಡಿದ ವಿಮರ್ಶೆ ಇದು. ಇನ್ನು ವ್ಯಾಕರಣ.

ಕೊರಿಯನ್ನರು ಒಬ್ಬರನ್ನೊಬ್ಬರು ಕಂಡಾಗ ಕೇಳುವ ಕುಶಲದ ಮಾತು ‘ಬಪ್ ಮೊಗೊಸ್ಸೊ?’ ಎಂದು. ಅಂದರೆ ಊಟ ಆಯ್ತಾ? ಬಪ್ ಎಂದರೆ ಬೇಯಿಸಿದ ಅನ್ನ. ಅದೇ ಪದ ಊಟಕ್ಕೂ ಸಲ್ಲುತ್ತದೆ. ಅನ್ನ ಕೊಟ್ಟವರು ಎನ್ನುವಾಗ ನಾವು ಬರೀ ಅಕ್ಕಿಯ ಮಾತಾಡುತ್ತಿಲ್ಲವಲ್ಲ, ಹಾಗೆ. ಆ ಊಟದ ವಾಕ್ಯದಲ್ಲಿ ಅನ್ನವೇ ಕರ್ತೃಪದ. ಅದರ ಸುತ್ತ ಬಾನ್‌ಚಾನ್ ಎಂಬ ಚಿಕ್ಕ ಚಿಕ್ಕ ಬಟ್ಟಲುಗಳು: ಕಿಮ್ಚಿ, ಎಳ್ಳೆಣ್ಣೆ ಹಾಕಿದ ಮೊಳಕೆ ಕಾಳು, ಪಾಲಕ್, ಮೂಲಂಗಿ. ಅವು ಯಾರೊಬ್ಬರ ಮುಂದೆಯೂ ಇರುವುದಿಲ್ಲ, ಮೇಜಿನ ನಡುವೆ ಇರುತ್ತವೆ. ಎಲ್ಲರೂ ಕೈಚಾಚಿ ತೆಗೆದುಕೊಳ್ಳಬೇಕು. ಖಾಲಿಯಾದರೆ ಮತ್ತೆ ತುಂಬುತ್ತಾರೆ. ಹೋಟೆಲಿನಲ್ಲೂ ಅದಕ್ಕೆ ಬೇರೆ ದುಡ್ಡಿಲ್ಲ. ಇದೇ ಕ್ವೀನ್ಸ್‌ನಲ್ಲಿ, ಫ್ಲಶಿಂಗಿನ ನಾರ್ದರ್ನ್ ಬೂಲವಾರ್ಡ್ ಉದ್ದಕ್ಕೂ ಇರುವ ಕೊರಿಯನ್ ಹೋಟೆಲುಗಳಲ್ಲಿ ಕೂತ ಕೂಡಲೇ ಆ ಬಟ್ಟಲುಗಳು ಬಂದು ಮೇಜು ತುಂಬುತ್ತವೆ.

ನಮ್ಮ ಡೈನರಿನಲ್ಲಿ ಕಿಮ್ಚಿಯ ಒಂದು ಬಟ್ಟಲಿಗೆ ನಾಲ್ಕು ಡಾಲರು, ಅನ್ನಕ್ಕೆ ಮೂರು. ಎರಡೂ ಕೊನೆಯ ಪುಟದಲ್ಲಿ, ಹುರಿದ ಆಲೂಗಡ್ಡೆಯ ಕೆಳಗೆ, ‘ಪಕ್ಕಕ್ಕೆ’ ಎಂಬ ತಲೆಬರಹದಡಿ ಇವೆ. ಕರ್ತೃಪದ ಅಡಿಟಿಪ್ಪಣಿಯಾಗಿದೆ. ತಟ್ಟೆ ಅವರವರದು, ಅವರವರ ಮುಂದೆ. ಮೇಜಿನ ನಡುವೆ ಕೆಚಪ್ಪು, ಉಪ್ಪು, ಮೆಣಸಿನ ಪುಡಿ ಬಿಟ್ಟರೆ ಏನೂ ಇಲ್ಲ. ಕಾಫಿಯನ್ನೋ, ಬೇಡವೆಂದು ಕಪ್ಪಿನ ಮೇಲೆ ಕೈ ಇಡುವ ತನಕ ಸುರಿಯುತ್ತಲೇ ಇರುತ್ತಾರೆ. ಅಂದರೆ ಈ ಡೈನರಿಗೆ ಪುಕ್ಕಟೆ ಕೊಡುವ ಧಾರಾಳ ಗೊತ್ತಿದೆ. ಆದರೆ ಆ ಧಾರಾಳ ಅಮೆರಿಕನ್ ಪಾನೀಯಕ್ಕೆ ಮಾತ್ರ, ಕೊರಿಯನ್ ಬಟ್ಟಲಿಗೆ ಇಲ್ಲ. ರುಚಿ ಸಮುದ್ರ ದಾಟಿ ಬಂದಿದೆ, ಊಟದ ವ್ಯಾಕರಣ ದಾಟಿಲ್ಲ. ಕೊರಿಯನ್ ಪ್ರಭಾವಿತ ಎಂಬ ವಿಶೇಷಣದ ಅಸಲು ಅರ್ಥ ಇಷ್ಟೇ ಎಂದು ನನಗೆ ಒಂದು ಶನಿವಾರ ಖಾತ್ರಿಯಾಯಿತು.

ಅದು ಅಮ್ಮ ಹಾಸನದಿಂದ ಬಂದಿದ್ದಾಗಿನ ಮಾತು. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಕಿಮ್ಚಿಯ ಬಟ್ಟಲು ಬಂದಾಗ ಮೂಗಿನ ಹತ್ತಿರ ಹಿಡಿದು, ‘ಏನೋ ಇದು, ಉಪ್ಪಿನಕಾಯಿನೋ ಪಲ್ಯನೋ?’ ಎಂದರು. ಎರಡೂ ಅಲ್ಲ, ಎರಡೂ ಹೌದು ಅಂದೆ. ತಿನ್ನುವ ಮೊದಲು ಮಾಲೀಕರನ್ನು ಕರೆದು ಇದರಲ್ಲಿ ಮೀನೇನಾದರೂ ಇದೆಯೇ ಎಂದು ಕೇಳಿದೆ. ಮೀನಿನ ರಸವೂ ಇದೆ, ಉಪ್ಪು ಹಾಕಿದ ಸಣ್ಣ ಸೀಗಡಿಯೂ ಇದೆ ಎಂದು ಅವರು ನೇರವಾಗಿ ಹೇಳಿ ಬಟ್ಟಲನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ಐದು ನಿಮಿಷದಲ್ಲಿ ಒಳಗಿನಿಂದ ಅವರ ತಾಯಿ, ಎಪ್ಪತ್ತು ದಾಟಿದ ಹೆಂಗಸು, ಸ್ಟೀಲಿನ ಬಟ್ಟಲೊಂದನ್ನು ತಂದು ಮೇಜಿನ ನಡುವೆ ಇಟ್ಟು ಹೋದರು. ಸೋಯಾ ಕಾಳಿನ ಉದ್ದನೆಯ ಮೊಳಕೆ, ಎಳ್ಳೆಣ್ಣೆ, ಉಪ್ಪು, ಹುರಿದ ಎಳ್ಳು. ಮೆನುವಿನಲ್ಲಿ ಅದಿಲ್ಲ. ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು, ‘ಕೋಸಂಬರಿ ಕಣೋ ಇದು, ನಿಂಬೆಹಣ್ಣು ಹಿಂಡಿಲ್ಲ ಅಷ್ಟೆ’ ಎಂದು ತೀರ್ಪು ಕೊಟ್ಟರು. ಬೆಳ್ಳುಳ್ಳಿಯ ವಾಸನೆಗೆ ಮಾತ್ರ ಸ್ವಲ್ಪ ಮುಖ ಸಿಂಡರಿಸಿದರು. ಬಟ್ಟಲು ಖಾಲಿಯಾಯಿತು. ಬಿಲ್ಲಿನಲ್ಲಿ ಅದರ ಹೆಸರಿರಲಿಲ್ಲ.

ಅಮ್ಮ ಊರಿಗೆ ಮರಳಿದ ಮೇಲೆ, ಗಿರಾಕಿ ಕಡಿಮೆ ಇದ್ದ ಒಂದು ಮಧ್ಯಾಹ್ನ, ನಾನು ಮಾಲೀಕರಿಗೆ ನನ್ನ ವ್ಯಾಕರಣದ ತಕರಾರನ್ನು ಹೇಳಿಯೇಬಿಟ್ಟೆ. ಕಾಫಿ ಪುಕ್ಕಟೆ, ಕಿಮ್ಚಿಗೆ ದುಡ್ಡು, ಇದು ತಿರುವುಮುರುವಾಗಿಲ್ಲವೇ ಎಂದೆ. ವಿಮರ್ಶಕನ ಗತ್ತು ಸ್ವಲ್ಪ ಇತ್ತೆಂದು ಕಾಣುತ್ತದೆ. ಅವರು ನಕ್ಕರು, ಆಮೇಲೆ ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು. ಮೊದಲ ಆರು ತಿಂಗಳು ಎಲ್ಲ ಮೇಜಿಗೂ ಕಿಮ್ಚಿ ಸುಮ್ಮನೆ ಕೊಟ್ಟಿದ್ದರಂತೆ. ಮುಕ್ಕಾಲು ಬಟ್ಟಲುಗಳು ಮುಟ್ಟದೆ ಹಿಂದಕ್ಕೆ ಬರುತ್ತಿದ್ದವು. ಕೆಲವರು ವಾಸನೆ ಎಂದು ಬದಿಗೆ ತಳ್ಳುತ್ತಿದ್ದರು. ಒಮ್ಮೆ ಮೇಜಿಗೆ ಹೋಗಿ ಬಂದದ್ದನ್ನು ಮತ್ತೆ ಬಡಿಸುವಂತಿಲ್ಲ, ಕಸಕ್ಕೇ ಹಾಕಬೇಕು. ಎಲೆಕೋಸನ್ನು ಸೀಳಿ, ರಾತ್ರಿಯಿಡೀ ಉಪ್ಪಿನಲ್ಲಿ ಇಟ್ಟು, ಮೂರು ಸಲ ತೊಳೆದು, ಎಲೆ ಎಲೆಗೂ ಖಾರ ಹಚ್ಚುವವರು ಅವರ ತಾಯಿ. ತಾನು ಹಚ್ಚಿದ್ದು ಡಬ್ಬಿ ಡಬ್ಬಿ ಕಸದ ಚೀಲಕ್ಕೆ ಹೋಗುವುದನ್ನು ಆಕೆ ಅಡುಗೆಮನೆಯಿಂದ ನೋಡುತ್ತಿದ್ದರು. ಬೆಲೆ ಬರೆದ ದಿನದಿಂದ ತರಿಸಿದವರು ತಿನ್ನುತ್ತಾರೆ, ತಿನ್ನದವರು ತರಿಸುವುದಿಲ್ಲ. ಕಾಫಿಗೇನು, ನೀರು ಬಿಸಿ ಮಾಡಿದರಾಯಿತು ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಕೊರಿಯನ್ನರಲ್ಲಿ ಸೊನ್‌ಮತ್ ಎಂಬ ಮಾತಿದೆ. ಸೊನ್ ಎಂದರೆ ಕೈ, ಮತ್ ಎಂದರೆ ರುಚಿ. ನಮ್ಮ ಕೈರುಚಿಗೆ ಅಕ್ಷರಶಃ ಅದೇ ಪದ. ನಾನು ಮೇಜಿನ ನಡುವಿನ ಬಟ್ಟಲಿನ ಬಗ್ಗೆ ಸಿದ್ಧಾಂತ ಕಟ್ಟುತ್ತಿದ್ದಾಗ ಆ ಬಟ್ಟಲಿನ ಹಿಂದಿನ ಕೈ ನನ್ನ ಲೆಕ್ಕದಲ್ಲಿ ಇರಲಿಲ್ಲ. ಆತಿಥ್ಯದ ವ್ಯಾಕರಣ ಕೊಡುವವರಿಂದ ಮಾತ್ರ ಆಗುವಂಥದಲ್ಲ, ತಿನ್ನುವವರಿಗೂ ಅದು ಬರಬೇಕು. ಓದುಗನಿಗೆ ಬಾರದ ಛಂದಸ್ಸಿನಲ್ಲಿ ಬರೆದು, ಪುಸ್ತಕ ರದ್ದಿಗೆ ಹೋಗುವುದನ್ನು ಎಷ್ಟು ದಿನ ನೋಡುತ್ತಾ ಕೂರಲಾದೀತು?

ವಲಸಿಗರ ಅಡುಗೆಯ ಬಗ್ಗೆ ಇಲ್ಲಿ ಬರುವ ಬರಹಗಳಲ್ಲಿ ಇಂಥ ಲೆಕ್ಕ ಕಾಣುವುದು ಅಪರೂಪ. ಅಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ: ಶಾಲೆಯಲ್ಲಿ ಊಟದ ಡಬ್ಬಿ ತೆರೆದ ಮಗು, ಸುತ್ತ ಮೂಗು ಮುಚ್ಚಿಕೊಂಡ ಗೆಳೆಯರು, ಅವಮಾನ, ಆಮೇಲೆ ದೊಡ್ಡವರಾದ ಮೇಲೆ ಅದೇ ವಾಸನೆಯ ಬಗ್ಗೆ ಹೆಮ್ಮೆ. ಮೊದಲು ಓದಿದಾಗ ಮನ ಕಲಕಿದ್ದು ಹತ್ತನೆಯ ಸಲಕ್ಕೆ ಅಚ್ಚಿನಿಂದ ತೆಗೆದ ಸಕ್ಕರೆ ಗೊಂಬೆಯಾಗುತ್ತದೆ. ಮಿಶೆಲ್ ಝೌನರ್ ಅವರ ‘ಕ್ರೈಯಿಂಗ್ ಇನ್ ಎಚ್ ಮಾರ್ಟ್’ (2021) ಈ ಅಚ್ಚನ್ನು ಮೀರಿದ ಪುಸ್ತಕ. ಕೊರಿಯನ್ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಮಗಳು ಆ ದುಃಖವನ್ನು ದಿನಸಿ ಅಂಗಡಿಯ ಸಾಲುಗಳ ನಡುವೆ ಎದುರಿಸುವ ಆತ್ಮಕಥನ ಅದು. ಅಂದಹಾಗೆ, ಆ ಎಚ್ ಮಾರ್ಟ್ 1982ರಲ್ಲಿ ಶುರುವಾದದ್ದು ನಮ್ಮ ಕ್ವೀನ್ಸ್‌ನ ವುಡ್‌ಸೈಡಿನಲ್ಲೇ. ಹೆಸರಿನಲ್ಲಿರುವ ಎಚ್ ಅಕ್ಷರ ತೋಳಿನ ತುಂಬ ಎಂಬರ್ಥದ ಕೊರಿಯನ್ ಮಾತಿನ ಮೊದಲಕ್ಷರ. ಪುಸ್ತಕ ಗೆಲ್ಲುವುದು ಕಿಮ್ಚಿಯನ್ನು ಅಸ್ಮಿತೆಯ ಬಾವುಟ ಮಾಡದೇ ಇರುವುದರಿಂದ. ಝೌನರ್ ಅದನ್ನು ಮಾಡುವುದನ್ನು ಕಲಿಯುತ್ತಾರೆ, ಅದೂ ತಾಯಿಯಿಂದಲ್ಲ, ಅಂತರ್ಜಾಲದ ವೀಡಿಯೊಗಳಲ್ಲಿ ಅಡುಗೆ ಕಲಿಸುವ ಮಾಂಗ್ಚಿ ಎಂಬಾಕೆಯಿಂದ. ಉಪ್ಪು ಹಾಕುವುದು, ತೊಳೆಯುವುದು, ಕಾಯುವುದು ಎಲ್ಲವೂ ಅಲ್ಲಿ ಕೆಲಸವಾಗಿಯೇ ಉಳಿಯುತ್ತದೆ. ಹಾಗೆ ಉಳಿದದ್ದರಿಂದಲೇ ಅದು ಶೋಕವನ್ನು ಹೊರಬಲ್ಲದು.

ಈ ಪುಸ್ತಕದ ಜೊತೆ ಇಟ್ಟು ನೋಡಿದಾಗ ನಮ್ಮ ಡೈನರಿನ ಮೂರನೆಯ ಪುಟದ ದೌರ್ಬಲ್ಯ ಸ್ಪಷ್ಟವಾಗುತ್ತದೆ. ಅದು ವಿವರಿಸುತ್ತದೆ, ಸಮಾಧಾನ ಮಾಡುತ್ತದೆ, ಹೆದರಬೇಡಿ ಖಾರ ಕಡಿಮೆ ಎನ್ನುತ್ತದೆ. ಪೂರ್ತಿ ಪುಟ ಪಕ್ಕದ ಮನೆಯವರಿಗೆ ಬರೆದದ್ದು. ಮನೆಮಂದಿಗೆ ಬರೆದದ್ದು ಅಲ್ಲಿಲ್ಲ. ಮಧ್ಯಾಹ್ನ ಮೂರಕ್ಕೆ ಗಿರಾಕಿಗಳು ಖಾಲಿಯಾದಾಗ ಕೊನೆಯ ಮೇಜಿನಲ್ಲಿ ಆ ಮನೆಯವರೂ ಅಡುಗೆ ಸಹಾಯಕರೂ ಊಟಕ್ಕೆ ಕೂರುತ್ತಾರೆ. ನಡುವೆ ಕುದಿಯುತ್ತಿರುವ ದ್ವೆನ್‌ಜಾಂಗ್ ಸಾರು. ಹುದುಗಿದ ಸೋಯಾ ಕಾಳಿನ ಆ ಗಾಢ ವಾಸನೆ ಬಾಗಿಲ ತನಕ ಬರುತ್ತದೆ. ಸುತ್ತ ನಾಲ್ಕೈದು ಬಟ್ಟಲು. ಆ ಮನೆಯ ಅತ್ಯುತ್ತಮ ಅಡುಗೆ ಅದು ಎಂದು ವಾಸನೆಯಿಂದಲೇ ಹೇಳಬಹುದು. ಅದು ಮಾರಾಟಕ್ಕಿಲ್ಲ.

ನಾವೇನು ಬೇರೆಯೇ? ಇಲ್ಲಿಂದ ಅದೇ 7ನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣಕ್ಕೆ ಹೋಗಿ ಸ್ವಲ್ಪ ನಡೆದರೆ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ ಸಿಗುತ್ತದೆ, 1977ರಲ್ಲಿ ಪ್ರತಿಷ್ಠೆಯಾದದ್ದು. ಅದರ ಕ್ಯಾಂಟೀನಿನಲ್ಲಿ ದೋಸೆಗೆ ಸಾಲು ನಿಲ್ಲುವ ನಮ್ಮಲ್ಲಿ ಯಾರೂ ದೋಸೆ ಎಂದರೇನು ಎಂದು ಬರೆದ ಹಾಳೆ ಹುಡುಕುವುದಿಲ್ಲ. ಆ ಕ್ಯಾಂಟೀನು ಮನೆಮಂದಿಗೆ ಬರೆದ ಕೃತಿ. ಅದಕ್ಕೆ ಅದರದೇ ಸುಖವಿದೆ, ಅದರದೇ ಮಿತಿಯೂ ಇದೆ. ಆದರೆ ಅದೇ ನಾವು, ಆಫೀಸಿನ ಗೆಳೆಯರು ಊಟಕ್ಕೆ ಬರುತ್ತಾರೆಂದರೆ ಸಾರಿನ ಖಾರ ಇಳಿಸುತ್ತೇವೆ, ಇಂಗಿನ ಡಬ್ಬಿ ಮುಚ್ಚಿಡುತ್ತೇವೆ, ಮುದ್ದೆಯನ್ನಂತೂ ಮಾಡುವುದೇ ಇಲ್ಲ. ಪಕ್ಕದವರಿಗೆ ಬರೆಯುವಾಗ ನಮ್ಮ ಶೈಲಿಯೂ ಆ ಮೂರನೆಯ ಪುಟದ್ದೇ. ಫ್ಲಶಿಂಗಿನ ಹೋಟೆಲುಗಳಿಗೆ ಹೋಲಿಸಿ ಈ ಡೈನರನ್ನು ಕಡಿಮೆ ಎನ್ನುವುದು ಸುಲಭ. ಆದರೆ ಫ್ಲಶಿಂಗಿನವರು ಗೊತ್ತಿದ್ದವರಿಗೆ ಬಡಿಸುತ್ತಾರೆ. ಇವರು ಗೊತ್ತಿಲ್ಲದವರ ನಡುವೆ, ಒಬ್ಬೊಬ್ಬರನ್ನೇ ಒಗ್ಗಿಸಿಕೊಳ್ಳುತ್ತಾ ಬದುಕಬೇಕು. ಆ ಕೆಲಸಕ್ಕೆ ಗ್ರಿಲ್ಡ್ ಚೀಸಿನಂಥ ಬಾಗಿಲು ಬೇಕೇ ಬೇಕು. ಬಾಗಿಲು ಮನೆಯಲ್ಲ ಎಂಬುದು ನೆನಪಿದ್ದರಾಯಿತು.

ಹಾಗಾಗಿ ನನ್ನ ತೀರ್ಪು ಹೀಗೆ. ಗ್ರಿಲ್ಡ್ ಚೀಸ್ ತಿನ್ನಿ, ಆದರೆ ಕಿಮ್ಚಿ ಚೆನ್ನಾಗಿ ಹುಳಿ ಬಂದಿದೆಯೇ ಎಂದು ಕೇಳಿ. ಹೊಸದಾಗಿದ್ದರೆ ನೀರು ಬಿಟ್ಟು ಬ್ರೆಡ್ಡು ಮೆತ್ತಗಾಗುತ್ತದೆ. ಫ್ರೈಡ್ ರೈಸನ್ನು ಯಾವತ್ತಾದರೂ ತಿನ್ನಬಹುದು. ಸ್ಪ್ಯಾಮ್ ಸಾರನ್ನು ಅದರ ಕತೆ ಗೊತ್ತುಮಾಡಿಕೊಂಡು ತಿನ್ನಿ. ಪ್ಯಾನ್‌ಕೇಕನ್ನು ಫೋಟೋ ತೆಗೆಯುವವರಿಗೆ ಬಿಡಿ. ಮೂರನೆಯ ಪುಟದಲ್ಲಿ ಒಂದೇ ಒಂದು ಸಾಲಾದರೂ ಆ ಮೂರು ಗಂಟೆಯ ಸಾರಿಗೆ ಮೀಸಲಾಗಲಿ, ಏನೂ ವಿವರಣೆ ಕೊಡದೆ, ಹೆಸರಷ್ಟೇ ಬರೆದು. ಕೇಳುವವರು ಕೇಳಲಿ.

ಕಿಮ್ಚಿಯ ನಾಲ್ಕು ಡಾಲರಿನ ಬಗ್ಗೆ ನಾನು ತಕರಾರು ಬಿಟ್ಟಿದ್ದೇನೆ. ಈಗ ಹೋದಾಗಲೆಲ್ಲ ಮೊದಲು ಅದನ್ನೇ ತರಿಸುತ್ತೇವೆ. ಬಡಿಸುವ ಹುಡುಗಿ ಅಭ್ಯಾಸದಂತೆ ಅದನ್ನು ನನ್ನ ತಟ್ಟೆಯ ಪಕ್ಕ ಇಡುತ್ತಾಳೆ. ಅವಳು ಆಚೆ ಹೋದ ಮೇಲೆ ನನ್ನ ಹೆಂಡತಿ ಕೆಚಪ್ಪಿನ ಬಾಟಲಿಯನ್ನು ಗೋಡೆಯ ಕಡೆಗೆ ಸರಿಸುತ್ತಾಳೆ. ನಾನು ಬಟ್ಟಲನ್ನು ಎತ್ತಿ ಮೇಜಿನ ನಡುವೆ ಇಡುತ್ತೇನೆ.